ಹನಿ ಬೀಳೋ ಜಾಗ ಬೇರೆ, ಸೋರೋ ಜಾಗ ಬೇರೆ

ನಮ್ಮ ಮನೆಯ ಹಳೇ ಓಮ್ನಿ ನಿಂತಲ್ಲೆಲ್ಲ ಆಯಿಲ್ ತೊಟ್ಟಿಕ್ಕುತ್ತಿತ್ತು. ಅಪ್ಪ ದಿನಾ ತರಕಾರಿ ಸಾಗಿಸೋದು ಅದರಲ್ಲೇ. "ಇಂಜಿನಿಯರಿಂಗ್ ಓದ್ತೀಯಲ್ಲ, ಸ್ವಲ್ಪ ನೋಡು" ಅಂದರು. ಹನಿ ಬೀಳ್ತಿದ್ದದ್ದು ಆಯಿಲ್ ಸಂಪ್‌ನಿಂದ. ಹಾಗಾಗಿ ಸಂಪ್ ಬೋಲ್ಟ್‌ಗಳನ್ನೇ ಬಲ ಹಾಕಿ ಟೈಟ್ ಮಾಡಿದೆ. ಸೋರೋದು ನಿಲ್ಲಲಿಲ್ಲ, ಒಂದು ಬೋಲ್ಟ್‌ನ ಥ್ರೆಡ್ ಹೋಯ್ತು. ಆ ಖರ್ಚೂ ಅಪ್ಪನದೇ.

ಪಕ್ಕದ ಬೀದಿಯ ಮೆಕ್ಯಾನಿಕ್ ಅಣ್ಣ ಹೇಳಿಕೊಟ್ಟರು: "ಇಂಜಿನ್ ತಣ್ಣಗಾದ ಮೇಲೆ ಪೂರ್ತಿ ಒರೆಸು. ಒಂದು ರೌಂಡ್ ಓಡಿಸು. ಆಮೇಲೆ ಮೇಲಿಂದ ಕೆಳಗೆ ನೋಡ್ತಾ ಬಾ." ಮುಂದಿನ ಸೀಟು ಎತ್ತಿ ಟಾರ್ಚ್ ಬಿಟ್ಟೆ. ಒದ್ದೆ ಶುರುವಾಗಿದ್ದು ತುದಿಯಲ್ಲಿರೋ ಟ್ಯಾಪೆಟ್ ಕವರ್ ಅಂಚಲ್ಲಿ! ವರ್ಷಗಟ್ಟಲೆ ಬಿಸಿ ತಿಂದು ರಬ್ಬರ್ ಪ್ಯಾಕಿಂಗ್ ಕಲ್ಲಾಗಿತ್ತು. ಹಳೇದು ತೆಗೆದು, ಅಂಚು ಒರೆಸಿ, ಹೊಸದು ಕೂರಿಸಿ, ಬೋಲ್ಟ್‌ಗಳನ್ನು ಸಮನಾಗಿ, ಹದವಾಗಿ ಟೈಟ್ ಮಾಡಿದೆ. ಮರುದಿನ ಗಾಡಿ ಕೆಳಗಿಟ್ಟ ರಟ್ಟಿನ ಮೇಲೆ ಒಂದು ಹನಿಯೂ ಇರಲಿಲ್ಲ.

ನಮ್ಮ ಲ್ಯಾಬ್‌ನಲ್ಲಿರೋದು ಸೀಳಿ, ಬಣ್ಣ ಬಳಿದಿಟ್ಟ ಇಂಜಿನ್. ಅದು ಯಾವತ್ತೂ ಸೋರಲ್ಲ. ಅದನ್ನು ನೋಡಿ ವೈವಾದಲ್ಲಿ ಭಾಗಗಳ ಹೆಸರು ಹೇಳ್ತೀವಿ, ತೊಂದರೆ ಹುಡುಕೋದು ಮಾತ್ರ ಕಲಿಯಲ್ಲ. ಸೆಮಿಸ್ಟರ್‌ಗೆ ಒಂದು ಸಲವಾದರೂ ಕೆಟ್ಟ ಇಂಜಿನ್ ಮುಂದಿಟ್ಟು "ಎಲ್ಲಿ ಸೋರ್ತಿದೆ, ಹುಡುಕಿ" ಅನ್ನಲಿ. ಅಪ್ಪನ ಗಾಡಿ ಮೇಲೆ ಮಾಡಿದ ತಪ್ಪನ್ನು ನಾನು ಕಾಲೇಜಲ್ಲೇ ಮಾಡಿ ಮುಗಿಸಬಹುದಿತ್ತು.