ಕೆರೆಯ ಗೋಡು ಹೊಲದ ಸ್ವತ್ತು

ಪಾಳೆಯಗಾರರಿಂದ ಹೆಸರಾದ ಸುಗಟೂರು ಸೀಮೆಗೆ ಜೀವನದಿಯಿಲ್ಲ, ಕೆರೆಗಳೇ ಆಧಾರ. ಮಳೆನೀರು ಹೊಲಗಳ ಮೇಲ್ಮಣ್ಣನ್ನು ಕೊಚ್ಚಿ ತಂದು ಕೆರೆಯಂಗಳದಲ್ಲಿ ನಿಲ್ಲಿಸುತ್ತದೆ. ನುಣುಪಾದ ಜೇಡಿ, ಕೊಳೆತ ಎಲೆ, ಸಗಣಿಗಳ ಸಾರವೇ ಗೋಡು. ಬೇಸಿಗೆಯಲ್ಲಿ ಅದನ್ನು ಹೇರಿ ಕೆಂಪು ಮರಳುಮಣ್ಣಿನ ಹೊಲಕ್ಕೆ ಹರಡಿದರೆ ತೇವ ನಿಲ್ಲುತ್ತದೆ, ರಾಗಿ ಹುಲುಸಾಗುತ್ತದೆ, ಕೆರೆಯೂ ಆಳವಾಗುತ್ತದೆ. ಇದು ದಾನವಲ್ಲ, ಋಣಸಂದಾಯ.

ಇಂತಹ ಮಣ್ಣನ್ನು ಇಟ್ಟಿಗೆಗೂಡಿಗೆ ಮಾರುವುದು ಯಾವ ನ್ಯಾಯ? ಇಟ್ಟಿಗೆ, ಹೆಂಚುಗಳಿಗೆ ಹೆಸರಾದ ಮಾಲೂರು ಇದೇ ಜಿಲ್ಲೆಯಲ್ಲಿದೆ. ಮನೆ ಕಟ್ಟುವವರಿಗೆ ಇಟ್ಟಿಗೆ ಬೇಡವೇ ಎಂದು ಕೇಳುವವರುಂಟು. ಬೇಕು, ಆದರೆ ಗೋಡೆಗೆ ಬೇರೆ ವಸ್ತುಗಳುಂಟು, ಪೈರಿನ ಬೇರಿಗೆ ಮಣ್ಣೊಂದೇ. ಒಮ್ಮೆ ಬೆಂದ ಮಣ್ಣಿನಲ್ಲಿ ಮತ್ತೆ ಮೊಳಕೆಯೊಡೆಯದು. ಹೊಲದ ಪಾಲನ್ನು ಹಣಕ್ಕಾಗಿ ಸುಡುವುದು ಹುಟ್ಟಲಿರುವವರ ಅನ್ನದ ಕಳವು.

ಆದರೆ ಸಾಲ ತೀರಿಸುವವನು ಖೋಟಾ ನಾಣ್ಯ ಕೊಡಲಾಗದು. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿತ ಕೊಳಚೆನೀರು ಕೋಲಾರದ ಅನೇಕ ಕೆರೆಗಳಿಗೆ ಹರಿದುಬಂದಿದೆ. ಅಂತಹ ಕೆರೆಯ ಗೋಡನ್ನು ಭಾರಲೋಹಗಳ ಪರೀಕ್ಷೆಯಿಲ್ಲದೆ ಸೊಪ್ಪು, ತರಕಾರಿಯ ಮಡಿಗೆ ಹಾಕುವುದು ಉಣ್ಣುವವನಿಗೆ ಬಗೆಯುವ ದ್ರೋಹ. ಪರೀಕ್ಷಿಸಿದ ಗೋಡು ಹೊಲಕ್ಕೇ ಸಲ್ಲಲಿ, ಗೂಡಿಗಲ್ಲ. ಊರಿನ ಹಿರಿಯರು, ಪಂಚಾಯಿತಿಯವರು ಇಷ್ಟನ್ನಾದರೂ ನಿಯಮವಾಗಿ ಪಾಲಿಸದಿದ್ದರೆ ಕೆರೆಯ ಪೂಜೆಗೆ ಅರ್ಥವೇನು?