‘ಸೀರಿಯಲೈಸೇಶನ್ ಆಮೇಲೆ ನೋಡೋಣ’ ಅನ್ನೋರಿಗೆ

ಮೊನ್ನೆ ಮಂಗಳವಾರ ಆಫೀಸಿನಲ್ಲಿ ಹೊಸ ಪ್ರಾಜೆಕ್ಟಿನ ಮೊದಲ ಮೀಟಿಂಗು. ಡೇಟಾಬೇಸ್ ಯಾವುದು, ಕ್ಯೂ ಯಾವುದು, ಕ್ಲೌಡ್ ಯಾರದ್ದು ಅಂತ ಒಂದೂವರೆ ಗಂಟೆ ಜಗಳ ಆಡಿದೆವು. ಆಬ್ಜೆಕ್ಟುಗಳನ್ನು ಯಾವ ರೂಪದಲ್ಲಿ ಉಳಿಸಿಡುವುದು ಅನ್ನೋ ಪ್ರಶ್ನೆ ನಾನು ಎತ್ತಿದಾಗ ನಮ್ಮ ಲೀಡು ಗಡಿಯಾರ ನೋಡಿಕೊಂಡು, “ಅದೇನು ಬಿಡಪ್ಪ, ಸದ್ಯಕ್ಕೆ ಪಿಕಲ್ ಮಾಡಿ ಎಸೆದುಬಿಡು, ಎರಡು ಸಾಲಿನ ಕೆಲಸ. ಸೀರಿಯಲೈಸೇಶನ್ ಆಮೇಲೆ ನೋಡೋಣ” ಅಂದರು. ಎಲ್ಲರೂ ತಲೆಯಾಡಿಸಿ ಊಟಕ್ಕೆ ಎದ್ದರು. ನನಗೆ ಮಾತ್ರ ಅವತ್ತು ಊಟ ಸೇರಲಿಲ್ಲ. ಈ ‘ಆಮೇಲೆ ನೋಡೋಣ’ದ ಬೆಲೆ ಎಷ್ಟು ಅಂತ ನನಗೆ ಗೊತ್ತು. ಆ ಬೆಲೆ ಕಟ್ಟಿದವನು ಕೋಡು ಬರೆದ ನಾನಲ್ಲ ಅನ್ನೋದೂ ಗೊತ್ತು. ಅದಕ್ಕೇ ಈ ಕೊರೆತ. ಸಹಿಸಿಕೊಳ್ಳಿ :-)

ಕವನ, ಪ್ರವಾಸ, ಅಡುಗೆ ಬರೆಯೋ ಮಿತ್ರರು ಇಲ್ಲೇ ಎದ್ದು ಹೋಗಬೇಡಿ, ವಿಷಯ ಅಷ್ಟು ಕಷ್ಟದ್ದಲ್ಲ. ಪ್ರೋಗ್ರಾಮ್ ಓಡುವಾಗ ಅದರ ಮಾಹಿತಿಯೆಲ್ಲ ಮೆಮೊರಿಯಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂತಿರುತ್ತೆ. ಕರೆಂಟು ಹೋದರೆ ಎಲ್ಲ ಮಾಯ. ಅದನ್ನು ಡಿಸ್ಕಿಗೆ ಬರೆಯಬೇಕು, ಇಲ್ಲವೇ ಇನ್ನೊಂದು ಕಂಪ್ಯೂಟರಿಗೆ ಕಳಿಸಬೇಕು ಅಂದರೆ ಬಿಚ್ಚಿ ಸಾಲಾಗಿ ಜೋಡಿಸಬೇಕು. ಅದೇ ಸೀರಿಯಲೈಸೇಶನ್. ನಮ್ಮ ದೊಡ್ಡಬಳ್ಳಾಪುರದ ಕಡೆ ಮಗ್ಗ ಬಿಚ್ಚಿ ಲಾರಿಗೆ ಹೇರಿ ಇನ್ನೊಂದು ಮನೆಯಲ್ಲಿ ಮತ್ತೆ ನಿಲ್ಲಿಸ್ತಾರಲ್ಲ, ಹಾಗೆ. ಅಲ್ಲಿ ಬಿಚ್ಚಿದವನೇ ಜೋಡಿಸೋಕೂ ಬರ್ತಾನೆ. ಫೈಲಿನ ಕಥೆ ಹಾಗಲ್ಲ. ಐದು ವರ್ಷದ ನಂತರ, ಬೇರೆ ಯಾರೋ, ಬೇರೆ ಭಾಷೆಯಲ್ಲಿ ಬರೆದ ಪ್ರೋಗ್ರಾಮಿನಿಂದ ಅದನ್ನು ಬಿಚ್ಚಬೇಕಾಗಬಹುದು.

ಈಗ ನನ್ನ ಪಾಪದ ಕಥೆ.

ನನ್ನ ಸೋದರಮಾವ ದೊಡ್ಡಬಳ್ಳಾಪುರದಲ್ಲಿ ಆರು ಪವರ್‌ಲೂಮ್ ಇಟ್ಟಿದ್ದಾರೆ. ರೇಷ್ಮೆ ಸೀರೆ. ನೇಯುವವರಿಗೆ ಸೀರೆ ಲೆಕ್ಕದಲ್ಲಿ ಕೂಲಿ. ಕೆಲಸಕ್ಕೆ ಸೇರುವಾಗ ಒಂದಿಷ್ಟು ಮುಂಗಡ ಕೊಟ್ಟು ಆಮೇಲೆ ಕೂಲಿಯಲ್ಲಿ ವಾರವಾರ ಸ್ವಲ್ಪ ಸ್ವಲ್ಪ ಮುರಿದುಕೊಳ್ಳೋ ಪದ್ಧತಿ. ಈ ಮುಂಗಡದ ಲೆಕ್ಕ ಇದೆಯಲ್ಲ, ಅದು ಮಗ್ಗದ ಮನೆಯ ಮುಖ್ಯ ದಾಖಲೆ. ಎಷ್ಟು ತೀರಿತು, ಎಷ್ಟು ಉಳಿಯಿತು ಅನ್ನೋದರ ಮೇಲೆ ಒಬ್ಬ ನೇಕಾರ ಆ ಮನೆ ಬಿಟ್ಟು ಇನ್ನೊಂದು ಕಡೆ ಹೋಗಬಹುದೋ ಇಲ್ಲವೋ ತೀರ್ಮಾನ ಆಗೋದು. ಮಾವ ಇದನ್ನೆಲ್ಲ ಒಂದು ಉದ್ದನೆ ರಟ್ಟಿನ ಪುಸ್ತಕದಲ್ಲಿ ಬರೀತಿದ್ದರು. 2018ರಲ್ಲಿ, ನಾನು ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಗ, “ಏನ್ ಮಾವ, ಇನ್ನೂ ಪುಸ್ತಕದಲ್ಲಿ ಬರೀತೀರಾ” ಅಂತ ದೊಡ್ಡದಾಗಿ ನಕ್ಕು ಜಾವಾದಲ್ಲಿ ಒಂದು ಸಾಫ್ಟ್‌ವೇರ್ ಮಾಡಿಕೊಟ್ಟೆ. ಕಿಟಕಿ, ಗುಂಡಿ, ಕನ್ನಡದಲ್ಲಿ ಹೆಸರು, ಎಲ್ಲ ಇತ್ತು. ಅತ್ತೆ ಅವತ್ತು ಒಬ್ಬಟ್ಟು ಮಾಡಿ ಹಾಕಿದರು.

ಲೆಕ್ಕ ಉಳಿಸೋದು ಹೇಗೆ? ಕ್ಲಾಸಿನ ಹೆಸರಿನ ಪಕ್ಕ ‘ಸೀರಿಯಲೈಸಬಲ್’ ಅಂತ ಒಂದು ಪದ ಸೇರಿಸಿದೆ. ಅಷ್ಟೇ. ಇಡೀ ಪಟ್ಟಿಯನ್ನು ಹಾಗೇ ಹಿಡಿದು ಒಂದು ಫೈಲಿಗೆ ಸುರಿದೆ. ಎಕ್ಲಿಪ್ಸ್ ಹಳದಿ ಗೆರೆ ಎಳೆದು ವರ್ಷನ್ ನಂಬರ್ ಕೊಟ್ಟಿಲ್ಲ ಅಂತ ಗೊಣಗಿತು. ಎಕ್ಲಿಪ್ಸ್ ಗೊಣಗೋದನ್ನು ಯಾವ ವಿದ್ಯಾರ್ಥಿ ಕೇಳ್ತಾನೆ ಹೇಳಿ!

ಮುಂದಿನ ವರ್ಷ ಕೊನೇ ಸೆಮಿಸ್ಟರಿನಲ್ಲಿ ‘ಡಿಸೈನ್ ಪ್ಯಾಟರ್ನ್’ ಓದಿ ತಲೆ ತಿರುಗಿ, ಮಾವನ ಸಾಫ್ಟ್‌ವೇರನ್ನು ಚೆಂದ ಮಾಡಲು ಕೂತೆ. ಪ್ಯಾಕೇಜಿನ ಹೆಸರು ಬದಲಾಯಿಸಿದೆ. ಮುಂಗಡ ಅನ್ನೋದು ಒಂದೇ ಸಂಖ್ಯೆಯಾಗಿತ್ತು, ಅದನ್ನು ಕಂತುಗಳ ಪಟ್ಟಿ ಮಾಡಿದೆ. ಪೆನ್‌ಡ್ರೈವಿನಲ್ಲಿ ಹಾಕಿ ಮಾವನ ಕಂಪ್ಯೂಟರಿಗೆ ನಕಲು ಮಾಡಿ, ಅದು ತೆರೆದುಕೊಂಡದ್ದನ್ನು ನೋಡಿ, ಬಸ್ಸು ಹತ್ತಿದೆ. ಹಳೇ ಲೆಕ್ಕ ಕಾಣುತ್ತಾ ಅಂತ ನೋಡಲಿಲ್ಲ.

ಎರಡು ದಿನ ಬಿಟ್ಟು ಮಾವನ ಫೋನು. “ಏನಪ್ಪಾ, ಯಾರ್ ಹೆಸರೂ ಇಲ್ವಲ್ಲೋ ಇದ್ರಲ್ಲಿ?”

ಆದದ್ದಿಷ್ಟು. ಹಳೇ ಫೈಲಿನಲ್ಲಿ ಇದ್ದದ್ದು ಹಳೇ ಪ್ಯಾಕೇಜಿನ ಹೆಸರು. ಹೊಸ ಪ್ರೋಗ್ರಾಮಿಗೆ ಆ ಹೆಸರಿನ ಕ್ಲಾಸೇ ಸಿಗಲಿಲ್ಲ, ತೊಂದರೆ ಇದೆ ಅಂತ ಕೂಗಿತು. ನನ್ನ ಕೋಡು ಆ ಕೂಗನ್ನು ಬಾಯಿ ಮುಚ್ಚಿಸಿ, ‘ಫೈಲು ಇಲ್ಲ ಅಂತ ಕಾಣುತ್ತೆ’ ಅಂದುಕೊಂಡು ಖಾಲಿ ಪಟ್ಟಿ ಕೊಟ್ಟಿತು. ಮಾವ ಕಿಟಕಿ ಮುಚ್ಚಿದ ಕೂಡಲೇ ಆ ಖಾಲಿ ಪಟ್ಟಿಯನ್ನು ಹಳೇ ಫೈಲಿನ ಮೇಲೇ ಬರೆಯಿತು. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ತೊಳಸುತ್ತೆ. ನನ್ನ ಹತ್ತಿರ ಒಂದು ನಕಲು ಇತ್ತು, ಏಳು ತಿಂಗಳು ಹಳೇದು. ಆ ಏಳು ತಿಂಗಳ ಲೆಕ್ಕ ಹೋಯಿತು.

ಅಷ್ಟರಲ್ಲಿ ಒಬ್ಬ ನೇಕಾರರು ಮನೆ ಬಿಡಬೇಕು ಅಂತ ಬಂದರು. ನಮ್ಮಪ್ಪನ ವಯಸ್ಸಿನವರು. ಮುಂಗಡ ಪೂರ್ತಿ ತೀರಿದೆ, ಮೇಲೆ ಮೂರು ಸೀರೆಯ ಕೂಲಿ ಬರಬೇಕು ಅಂತ ಅವರ ವಾದ. ಇನ್ನೂ ಆರು ಸಾವಿರದ ನಾನೂರು ಬಾಕಿ ಇದೆ ಅಂತ ಮಾವನ ನೆನಪು. ಆ ಮನುಷ್ಯನ ಹತ್ತಿರ ಅಂಗಿ ಜೇಬಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇತ್ತು. ಬೆವರಿಗೆ ನೆನೆದು ಒಣಗಿದ್ದ ಹಾಳೆಗಳಲ್ಲಿ ವಾರಕ್ಕೊಂದು ಸಾಲು, ಪೆನ್ಸಿಲಲ್ಲಿ. ಮಾವ ಅದನ್ನು ಒಪ್ಪಲಿಲ್ಲ. “ಕಂಪ್ಯೂಟರ್ನಲ್ಲಿ ಇದ್ದಿದ್ರೆ ಒಪ್ತಿದ್ದೆ ಕಣಯ್ಯಾ” ಅಂದರು. ಅವರಿಗೆ ಒಂದು ಪೈಸೆ ಕೂಲಿಯೂ ಸಿಗಲಿಲ್ಲ. ಮಗ್ಗ ಬಿಟ್ಟು ಹೊಸಕೋಟೆ ಕಡೆ ಯಾವುದೋ ಗೋಡೌನಿಗೆ ಸೇರಿದರು ಅಂತ ಆಮೇಲೆ ಕೇಳಿದೆ.

ನಾನು ಅವತ್ತು ಅಲ್ಲೇ ಬಾಗಿಲ ಹತ್ತಿರ ನಿಂತಿದ್ದೆ. ‘ಮಾವ, ಆ ಪೆನ್ಸಿಲ್ ಲೆಕ್ಕವೇ ಸರಿ, ಕಂಪ್ಯೂಟರನ್ನು ಕೆಡಿಸಿದ್ದು ನಾನು’ ಅಂತ ಗಟ್ಟಿಯಾಗಿ ಹೇಳಬೇಕಿತ್ತು. ಗೊಣಗಿದೆ, ಯಾರಿಗೂ ಕೇಳಿಸಲಿಲ್ಲ. ಯೋಚಿಸಿ ನೋಡಿ, ಆ ಪೆನ್ಸಿಲ್ ಸಾಲನ್ನು ಓದಲು ಯಾವ ಕ್ಲಾಸೂ ಬೇಕಿರಲಿಲ್ಲ. ಕನ್ನಡ ಅಂಕಿ ಬಂದರೆ ಸಾಕಿತ್ತು.

ನನ್ನ ತಕರಾರು ಇಷ್ಟೇ. ಆಬ್ಜೆಕ್ಟನ್ನು ಹಾಗೇ ಫೈಲಿಗೆ ಸುರಿಯೋದು ಅಂದರೆ, ಲೆಕ್ಕವನ್ನು ನಮ್ಮ ಇವತ್ತಿನ ಕೋಡಿನ ಒಳಗೆ ಬಂಧಿಸಿಡೋದು. ಲೆಕ್ಕ ಮಾವನದ್ದು, ಆ ನೇಕಾರರದ್ದು. ಕೋಡು ನನ್ನದು. ನನ್ನ ಕ್ಲಾಸಿಗೆ ನಾನು ಏನು ಹೆಸರಿಟ್ಟೆ, ಅದರಲ್ಲಿ ಎಷ್ಟು ಮೆಥಡ್ ಇದೆ ಅನ್ನೋದು ಅವರ ಕೂಲಿಗೆ ಯಾಕೆ ಅಡ್ಡ ಬರಬೇಕು? ಜಾವಾದಲ್ಲಿ ವರ್ಷನ್ ನಂಬರ್ ನಾವೇ ಕೊಡದೇ ಹೋದರೆ ಅದು ಕ್ಲಾಸಿನ ಹೆಸರು, ಫೀಲ್ಡು, ಮೆಥಡುಗಳನ್ನೆಲ್ಲ ಸೇರಿಸಿ ತಾನೇ ಒಂದು ಸಂಖ್ಯೆ ಕಟ್ಟಿಕೊಳ್ಳುತ್ತೆ. ಲೆಕ್ಕಕ್ಕೆ ಸಂಬಂಧವೇ ಇಲ್ಲದ ಒಂದು ಮೆಥಡ್ ಸೇರಿಸಿದರೂ ಆ ಸಂಖ್ಯೆ ಬದಲಾಗಿ, ಹಳೇ ಫೈಲು ‘ನೀನು ಯಾರೋ ನನಗೆ ಗೊತ್ತಿಲ್ಲ’ ಅನ್ನಬಹುದು.

ಇದು ಕನ್ನಡ ಬ್ಲಾಗಿಗರಿಗೆ ಹೊಸದೇನಲ್ಲ ಕಣ್ರೀ. ಯುನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹದ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳು ನೆನಪಿವೆಯಾ? ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳಿಗೆ ಟೋಪಿ, ಬಾಲ ಅಂಟಿಸಿದ ಹಾಗೆ ಕಾಣೋ ಕಸ. ಆ ತಂತ್ರಾಂಶಗಳನ್ನು ಬಯ್ಯುತ್ತಿಲ್ಲ. ಆ ಕಾಲಕ್ಕೆ ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಿದ್ದೇ ದೊಡ್ಡ ಉಪಕಾರ, ಆಮೇಲೆ ಎರಡೂ ಯುನಿಕೋಡಿಗೂ ಬಂದವು. ಆದರೆ ಪಠ್ಯದ ಅರ್ಥವನ್ನು ಪಠ್ಯದಲ್ಲಿಡದೆ ಓದುವ ಸಾಧನದಲ್ಲಿಟ್ಟರೆ ಏನಾಗುತ್ತೆ ಅಂತ ನಮ್ಮಷ್ಟು ಅನುಭವಿಸಿದವರು ಕಡಿಮೆ. ‘ಪಿಕಲ್ ಮಾಡಿ ಎಸಿ’ ಅನ್ನೋ ಇಂಜಿನಿಯರು ಹಳೇ ಫಾಂಟನ್ನೇ ಇನ್ನೊಂದು ವೇಷದಲ್ಲಿ ತರ್ತಿದ್ದಾನೆ.

ಇನ್ನು ಭದ್ರತೆ. ಪೈಥಾನಿನ ಪಿಕಲ್ ಅಂದರೆ ಉಪ್ಪಿನಕಾಯಿಯೇ. ವ್ಯತ್ಯಾಸ ಏನಂದರೆ, ಈ ಜಾಡಿಯ ಮುಚ್ಚಳ ತೆಗೆದ ಕೂಡಲೇ ಒಳಗಿರೋದು ಎದ್ದು ಬಂದು ನಿಮ್ಮ ಅಡುಗೆಮನೆಯ ಯಜಮಾನಿಕೆ ವಹಿಸಿಕೊಳ್ಳಬಹುದು. ನಂಬಿಕೆಯಿಲ್ಲದ ಕಡೆಯಿಂದ ಬಂದದ್ದನ್ನು ತೆರೆಯಬೇಡಿ ಅಂತ ಪೈಥಾನಿನ ಕೈಪಿಡಿಯಲ್ಲೇ ಬರೆದಿದೆ. ಜಾವಾದ ಕಥೆಯೂ ಇದೇ. 2016ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನಗರ ಸಾರಿಗೆಯ ಟಿಕೆಟ್ ವ್ಯವಸ್ಥೆ ಎರಡು ದಿನ ನಿಂತುಹೋಯಿತು. ‘ಎಫೆಕ್ಟಿವ್ ಜಾವಾ’ದ ಮೂರನೇ ಆವೃತ್ತಿಯಲ್ಲಿ ಜೋಶುವಾ ಬ್ಲಾಕ್ ಈ ದೋಷದ ಬಗ್ಗೆ ಬರೆಯುವಾಗ ಕೊಡೋ ಉದಾಹರಣೆ ಅದೇ. 1997ರಲ್ಲಿ ಇದನ್ನು ಜಾವಾಕ್ಕೆ ಸೇರಿಸಿದ್ದೇ ಭಾರೀ ತಪ್ಪು ಅಂತ ಜಾವಾದ ಮುಖ್ಯ ವಿನ್ಯಾಸಕ ಮಾರ್ಕ್ ರೀನ್‌ಹೋಲ್ಡ್ 2018ರಲ್ಲಿ ಒಪ್ಪಿಕೊಂಡರು. ಮೈಕ್ರೋಸಾಫ್ಟ್ ತನ್ನ ಬೈನರಿ ಫಾರ್ಮ್ಯಾಟರನ್ನು 2024ರ ಡಾಟ್‌ನೆಟ್ 9ರಲ್ಲಿ ಕಿತ್ತೇ ಹಾಕಿತು. ಮಾಡಿದವರೇ ಕೈಮುಗಿದು ಬೇಡ ಅಂದರೂ ನಮ್ಮ ಮೀಟಿಂಗುಗಳಲ್ಲಿ ಇನ್ನೂ ‘ಎರಡು ಸಾಲಿನ ಕೆಲಸ’!

“ಸರಿ ಹಾಗಾದ್ರೆ ಜೇಸನ್ ಹಾಕಿಬಿಡೋಣ, ಮುಗೀತಲ್ಲ?” ಅಂತೀರಿ. ಮುಗಿಯಲಿಲ್ಲ ಸ್ವಾಮಿ. ಜೇಸನ್ ಒಳ್ಳೇದೇ, ಕಣ್ಣಿಗೆ ಕಾಣುತ್ತೆ, ಯಾವ ಭಾಷೆಯಲ್ಲೂ ಓದಬಹುದು. ಆದರೆ ಅದಕ್ಕೆ ನಿಮ್ಮ ಲೆಕ್ಕದ ಅರ್ಥ ಗೊತ್ತಿಲ್ಲ. ಪಹಣಿಯಲ್ಲಿ 2.20 ಅಂತ ಇದ್ದರೆ ನಮ್ಮ ಹಳ್ಳಿಯಲ್ಲಿ ಯಾರನ್ನಾದರೂ ಕೇಳಿ, ಎರಡು ಎಕರೆ ಇಪ್ಪತ್ತು ಗುಂಟೆ ಅಂತಾರೆ. ಎಕರೆಗೆ 40 ಗುಂಟೆ, ಅಂದರೆ ಎರಡೂವರೆ ಎಕರೆ. ಇದನ್ನು ಜೇಸನ್ನಿನಲ್ಲಿ ಸಂಖ್ಯೆ ಅಂತ ಹಾಕಿ. ಒಂದು ಸಲ ಓದಿ ಬರೆಯುವಷ್ಟರಲ್ಲಿ ಕೊನೇ ಸೊನ್ನೆ ಉದುರಿ 2.2 ಆಗುತ್ತೆ. ಓದುವವನು ಹಳ್ಳಿಯವನಾದರೆ ಎರಡು ಎಕರೆ ಎರಡು ಗುಂಟೆ ಅಂತಾನೆ, 18 ಗುಂಟೆ ಮಾಯ. ಪಟ್ಟಣದ ಇಂಜಿನಿಯರಾದರೆ ದಶಮಾಂಶ ಅಂದುಕೊಂಡು ಎರಡು ಎಕರೆ ಎಂಟು ಗುಂಟೆ ಅಂತಾನೆ, 12 ಗುಂಟೆ ಮಾಯ. ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿ ಕಡೆ 12 ಗುಂಟೆಗೆ ಎಷ್ಟು ಅಂತ ವಿಚಾರಿಸಿ, ಆಮೇಲೆ ‘ಫಾರ್ಮ್ಯಾಟ್ ಏನು ಮಹಾ’ ಅನ್ನಿ. ಎಕರೆ ಒಂದು ಫೀಲ್ಡು, ಗುಂಟೆ ಇನ್ನೊಂದು ಫೀಲ್ಡು, ಎರಡೂ ಪೂರ್ಣಾಂಕ. ಇದನ್ನು ಮೊದಲ ದಿನ ಕೂತು ತೀರ್ಮಾನಿಸಬೇಕು, ‘ಆಮೇಲೆ’ ಅಲ್ಲ.

ಸಾದಾ ಪಠ್ಯದಲ್ಲೂ ನಾನು ಎಡವಿದ್ದೇನೆ. ಆ ಅನಾಹುತದ ನಂತರ ಬುದ್ಧಿ ಬಂತು ಅಂದುಕೊಂಡು ಮಾವನ ಲೆಕ್ಕವನ್ನು ಅಲ್ಪವಿರಾಮ ಹಾಕಿದ ಪಠ್ಯದ ಫೈಲಿಗೆ ಬದಲಾಯಿಸಿದೆ. ಎನ್‌ಕೋಡಿಂಗ್ ಹೇಳಲು ಮರೆತೆ. ವಿಂಡೋಸಿನಲ್ಲಿ ಜಾವಾ 8 ತನಗೆ ತೋಚಿದ ಎನ್‌ಕೋಡಿಂಗಿನಲ್ಲಿ ಬರೆಯಿತು. ತೆರೆದು ನೋಡಿದರೆ ‘ದೊಡ್ಡಬಳ್ಳಾಪುರ’ ಇರಬೇಕಾದ ಕಡೆ ಹದಿಮೂರು ಪ್ರಶ್ನಾರ್ಥಕ ಚಿಹ್ನೆ. ಎಣಿಸಿದೆ, ಸರಿಯಾಗಿ ಹದಿಮೂರು! ಪುಣ್ಯಕ್ಕೆ ಮಾವನಿಗೆ ಕೊಡುವ ಮೊದಲೇ ಕಂಡಿತು. ಜಾವಾ ತಾನಾಗಿಯೇ ಯುಟಿಎಫ್-8 ಬಳಸಲು ಶುರು ಮಾಡಿದ್ದು 2022ರ ಆವೃತ್ತಿ 18ರಿಂದ. ಅಲ್ಲಿಯವರೆಗೆ ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿ ‘ಎಲ್ಲ ಸರಿ ಇದೆ’ ಅಂದವರ ಪ್ರೋಗ್ರಾಮುಗಳು ಕನ್ನಡದ ಹೆಸರುಗಳನ್ನು ಎಷ್ಟು ನುಂಗಿವೆಯೋ.

ಹಾಗಾದರೆ ಹೇಗೆ ಮಾಡಬೇಕು ಅಂತ ಕೇಳಿದರೆ ನಾನು ಅಮೆರಿಕದ ಪುಸ್ತಕ ತೋರಿಸಲ್ಲ, ಪಹಣಿ ತೋರಿಸ್ತೀನಿ. ಶಾನುಭೋಗರ ಕಾಲದಿಂದ ಕೈಬರಹದಲ್ಲಿದ್ದ ಜಮೀನಿನ ಲೆಕ್ಕ ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಬಂತು. 2002ರ ಹೊತ್ತಿಗೆ 177 ತಾಲೂಕುಗಳ ಸುಮಾರು 2 ಕೋಟಿ ಪಹಣಿ. ಅದರಲ್ಲಿ ತಪ್ಪುಗಳಿಲ್ಲವೇ ಅಂದರೆ, ತಿದ್ದುಪಡಿಗೆ ಅಲೆದವರನ್ನು ಕೇಳಿ, ಬೇಕಾದಷ್ಟಿವೆ. ನಾನು ಹೇಳ್ತಿರೋದು ಅದರ ರೂಪದ ಬಗ್ಗೆ. 9ನೇ ಕಾಲಂ ಅಂದರೆ ಮಾಲೀಕರು. 11ನೇ ಕಾಲಂ ಅಂದರೆ ಹಕ್ಕು, ಋಣ. ಓದು ಬರಹ ಕಡಿಮೆ ಇರುವ ರೈತನೂ “ಹನ್ನೊಂದನೇ ಕಾಲಮ್ಮಲ್ಲಿ ಬ್ಯಾಂಕ್ ಸಾಲ ಕೂತಿದೆ” ಅಂತಾನೆ. ಒಳಗಿನ ಸಾಫ್ಟ್‌ವೇರ್ ಯಾವುದು ಅಂತ ಅವನಿಗೆ ಬೇಕಿಲ್ಲ, ಕಾಲಂ ನಂಬರು ಸಾಕು.

ಗೂಗಲ್ 2008ರಲ್ಲಿ ಎಲ್ಲರಿಗೂ ತೆರೆದುಕೊಟ್ಟ ಪ್ರೋಟೋಬಫ್‌ನ ಗುಟ್ಟೂ ಇದೇ. ಫೈಲಿಗೆ ಹೋಗೋದು ಫೀಲ್ಡಿನ ಹೆಸರಲ್ಲ, ನಂಬರು. ಹೆಸರು ಬೇಕಾದಾಗ ಬದಲಾಯಿಸಿಕೊಳ್ಳಿ. ಒಂದು ಫೀಲ್ಡು ಬೇಡವಾದರೆ ಅದರ ನಂಬರನ್ನು ‘ಕಾಯ್ದಿರಿಸಿದೆ’ ಅಂತ ಬರೆದಿಟ್ಟು ಮತ್ತೆಂದೂ ಬೇರೆಯದಕ್ಕೆ ಕೊಡಬೇಡಿ. ಗೊತ್ತಿಲ್ಲದ ನಂಬರು ಬಂದರೆ ಹಳೇ ಪ್ರೋಗ್ರಾಮು ಕಿರುಚದೆ ಮುಂದೆ ಹೋಗುತ್ತೆ. ಹೆಸರನ್ನು ನಂಬಿ ಫೈಲಿಗೆ ಬರೆಯೋರಿಗೆ ನಮ್ಮ ಕಡೆಯದೇ ಉದಾಹರಣೆ ಇದೆ. ರಾಮನಗರ 2007ರವರೆಗೆ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲೇ ಇತ್ತು. ಅದು ಬೇರೆ ಜಿಲ್ಲೆಯಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣ ಅಂತಾಯಿತು. ಅದೇ ವರ್ಷ ಜುಲೈನಲ್ಲಿ ಸಚಿವ ಸಂಪುಟ ನಮ್ಮ ಜಿಲ್ಲೆಗೂ ಬೆಂಗಳೂರು ಉತ್ತರ ಅಂತ ಹೆಸರಿಡಲು ಒಪ್ಪಿತು. ಜಿಲ್ಲೆಯ ಹೆಸರನ್ನೇ ಕೋಡಿನಲ್ಲಿ ಅಚ್ಚು ಹಾಕಿ, ಅದನ್ನೇ ಫೈಲಿಗೆ ಬರೆದ ಪುಣ್ಯಾತ್ಮರು ಈಗ ಏನು ಮಾಡ್ತಿದ್ದಾರೋ!

ಪ್ರೋಟೋಬಫ್ಫೇ ಬೇಕು ಅಂತ ನನ್ನ ಹಟವಿಲ್ಲ. ಚಿಕ್ಕ ಕೆಲಸಕ್ಕೆ ಜೇಸನ್ ಸಾಕು, ಆದರೆ ಮೊದಲ ಸಾಲಿನಲ್ಲಿ ವರ್ಷನ್ ನಂಬರ್ ಇರಲಿ. ಇವತ್ತು ಬರೆದ ಒಂದು ಫೈಲನ್ನು ತೆಗೆದಿಟ್ಟು, ಪ್ರತಿ ಬದಲಾವಣೆಯ ನಂತರವೂ ಅದು ತೆರೆಯುತ್ತಾ ಅಂತ ಪರೀಕ್ಷಿಸಿ. ತೆರೆಯದಿದ್ದರೆ ಪ್ರೋಗ್ರಾಮು ನಿಲ್ಲಲಿ, ಕೂಗಲಿ, ದಯವಿಟ್ಟು ಖಾಲಿ ಪಟ್ಟಿ ಬರೆಯದಿರಲಿ. ವೇಗ ಕಡಿಮೆ ಆಗುತ್ತೆ ಅನ್ನೋರು ಅಳೆದು ತೋರಿಸಲಿ, ಒಪ್ಪುತ್ತೇನೆ. ಇಲ್ಲಿಯವರೆಗೆ ನಮ್ಮ ಆಫೀಸಿನಲ್ಲಿ ಹಾಗಂದ ಯಾರೂ ಅಳೆದಿಲ್ಲ.

ಮಾವ ಮತ್ತೆ ರಟ್ಟಿನ ಪುಸ್ತಕಕ್ಕೇ ಹೋದರು. ನಾನು ಎಷ್ಟು ಹೇಳಿದರೂ ಕಂಪ್ಯೂಟರ್ ಮುಟ್ಟಲ್ಲ. ಆ ನೇಕಾರರ ವಿಷಯ ಹೋದ ವರ್ಷ ಹಬ್ಬದಲ್ಲಿ ತೆಗೆದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವ್ರ ಪುಸ್ತಕನೇ ಸರಿ ಇತ್ತೇನೋ ಕಣೋ” ಅಂದರು. ಫೋನ್ ನಂಬರು ಹುಡುಕಿಸಿದರು, ಸಿಗಲಿಲ್ಲ. ಅದೂ ಆ ಏಳು ತಿಂಗಳಲ್ಲೇ ಹೋಗಿತ್ತು.

ನಾಳೆ ಮತ್ತೆ ಮೀಟಿಂಗಿದೆ. ಮಾವನ ಪಹಣಿಯ ಜೆರಾಕ್ಸ್ ಒಂದನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ.