ಹುಚ್ಚು: ನೋಡುವವರ ಪದ, ನೋಯುವವರ ಮಾತು

ವಿಜಯಪುರ ಸೀಮೆಯ ಆಡುಮಾತಿನಲ್ಲಿ ಮನೋರೋಗವನ್ನು ಕುರಿತ ಪದಗಳಿಗೆ ಕೊರತೆಯಿಲ್ಲ. ‘ತಲಿ ಕೆಟ್ಟೈತಿ’, ‘ಗಾಳಿ ಬಡದೈತಿ’, ‘ಧಾರವಾಡಕ್ಕ ಕಳಸ್ರಿ’. ಅಲ್ಲಿನ ಮಾನಸಿಕ ಆಸ್ಪತ್ರೆಯಿಂದಾಗಿ ವಿದ್ಯಾಕೇಂದ್ರವೊಂದರ ಹೆಸರೇ ಹೀಗೆ ಬೈಗುಳವಾಗಿದೆ! ಇವೆಲ್ಲವೂ ನೋಡುವವರ ಮಾತುಗಳು, ಅನುಭವಿಸುವವರವಲ್ಲ ಎಂಬುದನ್ನು ಗಮನಿಸಬೇಕು.

ತಿಕೋಟಾ, ಬಬಲೇಶ್ವರದಂತಹ ಊರುಗಳಲ್ಲಿ ಕಾಯಿಲೆಯವರು ವೈದ್ಯರ ಮುಂದಿಡುವ ಮಾತು ಬೇರೆ: ‘ನಿದ್ದಿ ಹತ್ತವಲ್ದು’, ‘ಎದಿ ಡವಡವ ಅಂತೈತಿ’, ‘ಜೀವಕ್ಕ ಸಮಾಧಾನ ಇಲ್ಲ’. ಇದನ್ನು ಅಜ್ಞಾನವೆಂದು ಬಗೆಯುವುದು ಸರಿಯಲ್ಲ. ನೋವನ್ನು ಮನಸ್ಸಿನಿಂದ ದೇಹಕ್ಕೆ ಸರಿಸಿ ಹೇಳುವುದು ಅವಮಾನದಿಂದ ಪಾರಾಗಲು ಕಂಡುಕೊಂಡ ಜಾಣ್ಮೆ. ನಿದ್ದೆಗೆಟ್ಟವನಿಗೆ ಹೆಣ್ಣು ಕೊಡುವವರಿದ್ದಾರೆ, ತಲೆಕೆಟ್ಟವನಿಗಿಲ್ಲ. ಮನೋರೋಗಿಯನ್ನು ದೇಹರೋಗಿಗೆ ಸಮನಾಗಿ ಕಾಣಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವಿಧಿಸಿದೆ. ತಮ್ಮ ಮಾತಿನಲ್ಲಿ ಈ ಜನ ಆ ಸಮಾನತೆಯನ್ನು ತಾವೇ ಕಲ್ಪಿಸಿಕೊಂಡಿದ್ದಾರೆ.

ಆದರೆ ಈ ಮರೆಗೆ ತೆರಬೇಕಾದ ಬೆಲೆಯೂ ಇದೆ. ಹೆಣ್ಣುಮಗಳ ವಿಷಯದಲ್ಲಂತೂ ತವರು, ಗಂಡನ ಮನೆ ಎರಡರ ಮರ್ಯಾದೆಯನ್ನೂ ಈ ಗುಟ್ಟು ಹೊರಬೇಕಾಗುತ್ತದೆ. ಗುಳಿಗೆಯ ಚೀಟಿ ಜೋಳದ ಡಬ್ಬಿಯ ತಳ ಸೇರುತ್ತದೆ. ಬೀಗರು ಬಂದ ದಿನ ಗುಳಿಗೆ ತಪ್ಪುತ್ತದೆ. ಹೀಗೆ ತಪ್ಪುತ್ತ ಹೋದಂತೆ ಕಾಯಿಲೆ ಮರುಕಳಿಸುತ್ತದೆ. ಮರುಕಳಿಸಿದ ಕಾಯಿಲೆಯೇ ಹುಚ್ಚು ಬಿಡದೆಂಬ ಊರವರ ನಂಬಿಕೆಗೆ ಸಾಕ್ಷಿಯಾಗುತ್ತದೆ.

ಇದೇ ಜಿಲ್ಲೆಯ ಬಸವನ ಬಾಗೇವಾಡಿ ಬಸವಣ್ಣನವರ ಜನ್ಮಸ್ಥಳ. ಕಲ್ಯಾಣದಲ್ಲಿ ಅವರ ಸನಿಹದಲ್ಲಿಯೇ ಇದ್ದೂ ಗುರುತಿಗೆ ಬಾರದ ಮರುಳಶಂಕರದೇವನನ್ನು ಅಲ್ಲಮ ಕಂಡುಹಿಡಿಯುವ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಇದನ್ನು ತೋರಿಸಿ ಕನ್ನಡ ಪರಂಪರೆಯಲ್ಲಿ ಮರುಳಿಗೆ ಮನ್ನಣೆಯಿತ್ತೆಂದು ವಾದಿಸುವುದು ಸುಲಭ. ಆ ಮನ್ನಣೆ ಮರುಳನ ವೇಷದಲ್ಲಿದ್ದ ಜ್ಞಾನಿಗೆ ಸಂದದ್ದೇ ಹೊರತು ರೋಗಿಗಲ್ಲ.

ಶಾಸ್ತ್ರೀಯ ಪದಗಳೂ ಈ ಭಾರದಿಂದ ಮುಕ್ತವಲ್ಲ. ಸ್ಕಿಜೋಫ್ರೇನಿಯಾಕ್ಕೆ ಕನ್ನಡದಲ್ಲಿ ಬಳಕೆಯಾಗುವ ‘ಛಿದ್ರಮನಸ್ಕತೆ’ ಎಂಬ ಪದವನ್ನು ರೋಗಿ ತನ್ನ ಬಾಯಿಂದ ಹೇಳಿಕೊಳ್ಳಬಲ್ಲನೆ? ಜಪಾನಿನಲ್ಲಿ ಒಡೆದ ಮನಸ್ಸಿನ ರೋಗ ಎಂಬರ್ಥದ ಇಂತಹದೇ ಹೆಸರನ್ನು ರೋಗಿಗಳ ಕುಟುಂಬಗಳ ಸಂಘದ ಒತ್ತಾಯದಿಂದ 2002ರಲ್ಲಿ ಕೈಬಿಡಲಾಯಿತು. ಕಳಂಕ ಅಷ್ಟರಿಂದಲೇ ಅಳಿಯಲಿಲ್ಲ, ನಿಜ. ಆದರೆ ಹೆಸರಿಡುವ ಕೆಲಸದಲ್ಲಿ ನೊಂದವರಿಗೂ ಪಾಲು ದೊರೆಯಿತು.

ಕನ್ನಡ ವಿಭಾಗಗಳು ಮಾಡಬೇಕಾದ ಕೆಲಸವೊಂದು ಇಲ್ಲಿದೆ. ಪದಕೋಶಗಳಿಗೆ ಮತ್ತೊಂದು ಸಂಸ್ಕೃತ ಸಮಾಸವನ್ನು ಸೇರಿಸುವ ಮೊದಲು, ಈ ಎರಡು ತಾಲ್ಲೂಕುಗಳ ಆರೋಗ್ಯ ಕೇಂದ್ರಗಳಲ್ಲಿ ರೋಗಿಗಳೂ ಅವರ ಮನೆಯವರೂ ಆಡುವ ಮಾತುಗಳನ್ನು, ಒಪ್ಪಿಗೆ ಪಡೆದು, ಹೆಸರು ಗುರುತು ಹೊರಬೀಳದಂತೆ ಸಂಗ್ರಹಿಸಬೇಕು.